ಹಳೆ ಕಂಪನಿಯ ಕಸ್ಟಮರ್ ಲಿಸ್ಟ್‌ಗೆ ನನ್ನ ಹೊಸ ವ್ಯವಹಾರದ ಮೇಲ್ ಕಳಿಸಬಹುದಾ?

ಟೋನರ್_ಡಬ್ಬಿ

ಎಲ್ಲರಿಗೂ ನಮಸ್ಕಾರ. ಪ್ರಿಂಟರ್, ಕಾಪಿಯರ್ ಮಾರಿ ಅದರ ಎಎಂಸಿ (ವಾರ್ಷಿಕ ನಿರ್ವಹಣೆ ಕರಾರು) ನೋಡಿಕೊಳ್ಳುವ ಕಂಪನಿಯ ಸೇಲ್ಸ್‌ನಲ್ಲಿದ್ದೀನಿ. ರಾಜೀನಾಮೆ ಕೊಟ್ಟಾಗಿದೆ, ನೋಟಿಸ್ ಪೀರಿಯಡ್ ಇನ್ನು 18 ದಿನ ಇದೆ. ಆಮೇಲೆ ಅದೇ ಲೈನಿನಲ್ಲಿ ಸ್ವಂತ ಸರ್ವಿಸ್ ಶುರು ಮಾಡುವ ಯೋಚನೆ.

ಕೈಯಲ್ಲಿ ಒಂದು ಎಕ್ಸೆಲ್ ಶೀಟ್ ಇದೆ, 1,140 ಸಾಲು. ಕಂಪನಿ ಹೆಸರು, ಯಾರ ಹತ್ತಿರ ಮಾತಾಡಬೇಕು, ಮೊಬೈಲ್, ಇ-ಮೇಲ್, ಮಷೀನಿನ ಮಾಡೆಲ್, ಎಎಂಸಿ ಮುಗಿಯುವ ತಾರೀಖು, ಕೊಟ್ಟಿರುವ ರೇಟು. ಇವರಲ್ಲಿ ಸುಮಾರು 380 ಜನರ ನಂಬರ್ ಫೋನಿನಲ್ಲೂ ಇದೆ. ಲಿಂಕ್ಡ್‌ಇನ್‌ನಲ್ಲಿ ಆರುನೂರು ಚಿಲ್ಲರೆ ಕನೆಕ್ಷನ್. ಅಪಾಯಿಂಟ್‌ಮೆಂಟ್ ಲೆಟರ್‌ನಲ್ಲಿ ಗೌಪ್ಯತೆಯ ಬಗ್ಗೆ ಒಂದು ಪ್ಯಾರಾ ಇದೆ. ಬಿಟ್ಟ ಮೇಲೆ 12 ತಿಂಗಳು ಕಂಪನಿಯ ಗ್ರಾಹಕರನ್ನು ಸೆಳೆಯಬಾರದು ಅಂತ ಇನ್ನೊಂದು.

ಎಲ್ಲರಿಗೂ ಒಂದೇ ಒಂದು ಸಲ ಪರಿಚಯದ ಮೇಲ್ ಹಾಕಿ ಸುಮ್ಮನಾದರೆ ತಪ್ಪಾ? ಮೇಲ್ ಬೇಡ ಅನ್ನೋದಾದರೆ ಶೀಟನ್ನು ಫೇಸ್‌ಬುಕ್ ಕಸ್ಟಮ್ ಆಡಿಯನ್ಸ್‌ಗೆ ಹಾಕಿ ಅವರಿಗೆ ಮಾತ್ರ ಜಾಹೀರಾತು ತೋರಿಸಬಹುದಾ? ನಂಬರ್‌ಗಳು ಇರೋದು ನನ್ನ ಸ್ವಂತ ಫೋನಿನಲ್ಲಿ, ಹಾಗಾದರೆ ಅವು ನನ್ನವಲ್ಲವಾ? ಅವರಾಗೇ ಫೋನ್ ಮಾಡಿದರೆ ಏನು ಹೇಳಬೇಕು?

---

ಕರಾರುವಾಕ್ಕು

ಒಂದು ಸಲವೂ ಬೇಡ. ಪರಿಚಯದ ಮೇಲ್ ಕಳಿಸುವುದರಲ್ಲಿ ದೋಷವಿಲ್ಲ. ವಿಳಾಸಗಳು ಎಲ್ಲಿಂದ ಬಂದವು ಅನ್ನುವುದರಲ್ಲಿದೆ.

ನಿಮ್ಮ ಹತ್ತಿರ ಇರುವುದನ್ನು ಮೂರು ರಾಶಿ ಮಾಡಿಕೊಳ್ಳಿ. ಒಂದು, ಫೈಲ್ ರೂಪದಲ್ಲಿರುವುದು. ಎರಡು, ತಲೆಯಲ್ಲಿರುವುದು. ಮೂರು, ಯಾರು ಹುಡುಕಿದರೂ ಸಿಗುವುದು. ಮೂರನೆಯದು ಎಲ್ಲರದ್ದು. ಮೊದಲನೆಯದು ಕಂಪನಿಯದು. ತಕರಾರು ಬರುವುದೆಲ್ಲ ಎರಡನೆಯದರಲ್ಲಿ.

ಶೀಟಿನ ಕಾಲಂಗಳನ್ನೇ ಗಮನಿಸಿ. ಕಂಪನಿ ಹೆಸರು ಮತ್ತು ಬೋರ್ಡ್ ನಂಬರ್ ಯಾವ ಡೈರೆಕ್ಟರಿಯಲ್ಲಾದರೂ ಇರುತ್ತದೆ. ಕೊನೆಯ ಎರಡು ಕಾಲಂ, ಅಂದರೆ ಎಎಂಸಿ ಮುಗಿಯುವ ತಾರೀಖು ಮತ್ತು ರೇಟು, ಬೇರೆಲ್ಲೂ ಸಿಗುವುದಿಲ್ಲ. ಅವೆರಡು ಗೊತ್ತಿದ್ದವನು ಮುಗಿಯುವುದಕ್ಕೆ ಸರಿಯಾಗಿ ಒಂದು ತಿಂಗಳು ಮೊದಲು ಫೋನ್ ಮಾಡಿ ಸ್ವಲ್ಪ ಕಡಿಮೆ ಹೇಳಿದರೆ ಮುಗಿಯಿತು. ವ್ಯಾಪಾರ ರಹಸ್ಯ ಅಂದರೆ ಇದೇ. ಅಮೆರಿಕದ 2016ರ ವ್ಯಾಪಾರ ರಹಸ್ಯ ಕಾಯ್ದೆ ಕೇಳುವುದು ಮುಖ್ಯವಾಗಿ ಎರಡು ಪ್ರಶ್ನೆ: ಬೇರೆಯವರಿಗೆ ಗೊತ್ತಿಲ್ಲದ ಕಾರಣಕ್ಕೇ ಅದಕ್ಕೆ ಬೆಲೆ ಇದೆಯಾ, ಅದನ್ನು ಗುಟ್ಟಾಗಿಡಲು ಮಾಲೀಕರು ತಕ್ಕ ಕ್ರಮ ಕೈಗೊಂಡಿದ್ದರಾ. ಪಾಸ್‌ವರ್ಡ್ ಇರುವ ಸಿಆರ್‌ಎಂ (ಗ್ರಾಹಕರ ಮಾಹಿತಿ ಇಡುವ ಸಾಫ್ಟ್‌ವೇರ್), ನೀವು ಸಹಿ ಹಾಕಿದ ಗೌಪ್ಯತೆಯ ಪ್ಯಾರಾ, ಇಷ್ಟಿದ್ದರೆ ಎರಡನೆಯದಕ್ಕೆ ಬಹುಪಾಲು ಉತ್ತರ ಸಿಕ್ಕಂತೆ.

ಇದು ಇವತ್ತಿನ ಕಂಪ್ಯೂಟರ್ ಕಾಲದ ಜಗಳವೂ ಅಲ್ಲ. 1895ರಲ್ಲಿ ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯದ ಮುಂದೆ ರಾಬ್ ವಿರುದ್ಧ ಗ್ರೀನ್ ಪ್ರಕರಣ ಬಂತು. ಬೇಟೆಯಾಡಲೆಂದು ಸಾಕುವ ಹಕ್ಕಿ ಮತ್ತು ಅವುಗಳ ಮೊಟ್ಟೆ ಮಾರುವ ವ್ಯವಹಾರ. ಮ್ಯಾನೇಜರ್ ಆಗಿದ್ದವನು ಕೆಲಸ ಬಿಡುವ ಮೊದಲು ಆರ್ಡರ್ ಪುಸ್ತಕದಿಂದ ಗ್ರಾಹಕರ ಹೆಸರು ವಿಳಾಸ ನಕಲು ಮಾಡಿಕೊಂಡು ಹೋಗಿ, ಅದೇ ವ್ಯಾಪಾರ ತೆರೆದ. ತೀರ್ಪು ಅವನ ವಿರುದ್ಧ ಹೋಯಿತು. ಪಕ್ಕದಲ್ಲೇ 1986ರ ಫ್ಯಾಸೆಂಡಾ ಚಿಕನ್ ತೀರ್ಪನ್ನೂ ಇಟ್ಟು ನೋಡಬೇಕು. ವ್ಯಾನಿನಲ್ಲಿ ಕೋಳಿ ಮಾರುತ್ತಿದ್ದ ಕಂಪನಿಯಿಂದ ಹೊರಬಂದವರು ಗ್ರಾಹಕರು, ರೂಟು, ದರಗಳ ಬಗ್ಗೆ ತಮಗೆ ಗೊತ್ತಿದ್ದುದನ್ನು ಬಳಸಿಕೊಂಡರು. ಕರಾರಿನಲ್ಲಿ ನಿರ್ಬಂಧ ಇರಲಿಲ್ಲ, ಕೋರ್ಟ್ ತಡೆಯಲಿಲ್ಲ. ಕೆಲಸ ಮಾಡುತ್ತಾ ಸಹಜವಾಗಿ ತಲೆಯಲ್ಲಿ ಉಳಿದದ್ದು ಒಂದು, ನಕಲು ಮಾಡಿಕೊಂಡದ್ದು ಇನ್ನೊಂದು. ಬಿಡುವ ಮೊದಲು ಬೇಕಂತಲೇ ಕೂತು ಬಾಯಿಪಾಠ ಮಾಡಿದರೆ ಅದನ್ನೂ ನಕಲು ಅಂತಲೇ ಲೆಕ್ಕ ಹಿಡಿಯುತ್ತಾರೆ. ನಿಮ್ಮ ಕರಾರಿನಲ್ಲಿ ನಿರ್ಬಂಧ ಇರುವುದರಿಂದ ಫ್ಯಾಸೆಂಡಾ ನಿಮ್ಮ ಕೈ ಹಿಡಿಯುತ್ತದೆ ಅಂತ ನಂಬಿಕೊಂಡು ಕೂರಬೇಡಿ.

ಇನ್ನೊಂದು ಗೊಂದಲ ಎಲ್ಲರೂ ಮಾಡಿಕೊಳ್ಳುತ್ತಾರೆ. ಭಾರತದಲ್ಲಿ 1872ರ ಕರಾರು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ, ಕೆಲಸ ಬಿಟ್ಟ ಮೇಲೆ ಅದೇ ವ್ಯವಹಾರ ಮಾಡಬಾರದು ಅನ್ನುವ ಷರತ್ತು ಸಾಮಾನ್ಯವಾಗಿ ನಿಲ್ಲುವುದಿಲ್ಲ, ಕ್ಯಾಲಿಫೋರ್ನಿಯಾದಲ್ಲೂ ಹಾಗೆಯೇ. ಇದನ್ನು ಕೇಳಿದವರು ‘ಸರಿ, ಲಿಸ್ಟೂ ನಂದೇ’ ಅಂದುಕೊಳ್ಳುತ್ತಾರೆ. ಪೈಪೋಟಿ ಮಾಡುವ ಹಕ್ಕು ಬೇರೆ, ಅವರ ಫೈಲ್ ಎತ್ತಿಕೊಂಡು ಪೈಪೋಟಿ ಮಾಡುವುದು ಬೇರೆ. ಅದೇ ಭಾರತದಲ್ಲಿ 1995ರಲ್ಲಿ ದೆಹಲಿ ಹೈಕೋರ್ಟ್, ಅಂಚೆ ಮೂಲಕ ಸರಕು ಮಾರುವ ಸಂಸ್ಥೆಯ ಗ್ರಾಹಕರ ವಿಳಾಸಪಟ್ಟಿ ಕೃತಿಸ್ವಾಮ್ಯ ಇರುವ ಸಂಕಲನ ಅಂತ ಹೇಳಿ ಮಾಜಿ ನೌಕರನಿಗೆ ತಡೆಯಾಜ್ಞೆ ಕೊಟ್ಟಿದೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ ಸೆಕ್ಷನ್ 43(ಬಿ) ಅನುಮತಿಯಿಲ್ಲದೆ ಡೇಟಾಬೇಸ್ ನಕಲು ಮಾಡುವುದರ ಬಗ್ಗೆಯೇ ಇದೆ. ಅದನ್ನು ಅಪ್ರಾಮಾಣಿಕವಾಗಿ ಮಾಡಿದರೆ ಸೆಕ್ಷನ್ 66ರಲ್ಲಿ 3 ವರ್ಷದವರೆಗೆ ಜೈಲು ಅಥವಾ 5 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ.

ಇದೆಲ್ಲ ನಿಮ್ಮ ಮತ್ತು ಹಳೆ ಕಂಪನಿಯ ನಡುವಿನದು. ಪಟ್ಟಿಯಲ್ಲಿರುವ ಮನುಷ್ಯರ ಲೆಕ್ಕ ಬೇರೆ. ಅವರು ನಂಬರ್ ಕೊಟ್ಟದ್ದು ಕಂಪನಿಗೆ. ಬ್ರಿಟನ್ನಿನಲ್ಲಿ ಹಳೆ ಗ್ರಾಹಕರಿಗೆ ಪ್ರತ್ಯೇಕ ಒಪ್ಪಿಗೆಯಿಲ್ಲದೆ ಮೇಲ್ ಕಳಿಸುವ ವಿನಾಯಿತಿ ಒಂದಿದೆ. ಅದು ಸಿಗುವುದು ವಿಳಾಸವನ್ನು ಮಾರಾಟದ ವೇಳೆ ತಾನೇ ಪಡೆದ ಸಂಸ್ಥೆಗೆ ಮಾತ್ರ. ಕೆನಡಾದ 2014ರಿಂದ ಜಾರಿಯಲ್ಲಿರುವ ಸ್ಪ್ಯಾಮ್ ವಿರೋಧಿ ಕಾನೂನಿನಲ್ಲಿ ಖರೀದಿಯಾದ ಮೇಲೆ 2 ವರ್ಷ ಒಪ್ಪಿಗೆ ಇದೆ ಅಂತ ಭಾವಿಸಲಾಗುತ್ತದೆ, ಅದೂ ಮಾರಿದ ಸಂಸ್ಥೆಗೇ. ಯುರೋಪಿನ ವೈಯಕ್ತಿಕ ಮಾಹಿತಿ ರಕ್ಷಣೆಯ ಕಾನೂನಾದ ಜಿಡಿಪಿಆರ್‌ನ 14ನೇ ವಿಧಿ ಪ್ರಕಾರ, ಬೇರೆ ಕಡೆಯಿಂದ ಪಡೆದ ವಿಳಾಸಕ್ಕೆ ಬರೆಯುವುದಾದರೆ ಮೊದಲ ಪತ್ರದಲ್ಲೇ ಅದು ಎಲ್ಲಿಂದ ಬಂತು ಅಂತ ತಿಳಿಸಬೇಕು. ‘ನಿಮ್ಮ ವಿಳಾಸವನ್ನು ನಾನು ಹಿಂದೆ ಕೆಲಸ ಮಾಡುತ್ತಿದ್ದ ಕಂಪನಿಯ ಸಿಆರ್‌ಎಂನಿಂದ ತಂದೆ’ ಅಂತ ಬರೆಯುವುದಕ್ಕೆ ಆಗುತ್ತದಾ? ಆಗದಿದ್ದರೆ ಅದೇ ಉತ್ತರ.

ಅಮೆರಿಕದ 2003ರ ಕ್ಯಾನ್-ಸ್ಪ್ಯಾಮ್ ಕಾಯ್ದೆ ಮೊದಲೇ ಒಪ್ಪಿಗೆ ಬೇಕು ಅನ್ನುವುದಿಲ್ಲ, ನಿಜ. ಬೇಡ ಅಂದವರನ್ನು 10 ಕೆಲಸದ ದಿನದೊಳಗೆ ತೆಗೆಯಬೇಕು, ಅಂಚೆ ವಿಳಾಸ ಹಾಕಬೇಕು, ಸಬ್ಜೆಕ್ಟ್ ಲೈನಿನಲ್ಲಿ ಸುಳ್ಳು ಇರಬಾರದು, ಹೀಗೆ. ಅದನ್ನು ತೋರಿಸಿ ‘ಕೋಲ್ಡ್ ಮೇಲ್ (ಪರಿಚಯವಿಲ್ಲದವರಿಗೆ ಕೇಳದೆ ಕಳಿಸುವ ಮೇಲ್) ಲೀಗಲ್’ ಅನ್ನುವವರು ತುಂಬ ಇದ್ದಾರೆ. ಪಟ್ಟಿ ಕದ್ದದ್ದಾ ಅಂತ ಆ ಕಾಯ್ದೆ ಕೇಳುವುದಿಲ್ಲ, ಬೇರೆ ಕಾಯ್ದೆ ಕೇಳುತ್ತದೆ.

ಕಸ್ಟಮ್ ಆಡಿಯನ್ಸ್ ಕೂಡ ಇದೇ ಗುಂಡಿ. ಅಪ್‌ಲೋಡ್ ಆಗುವಾಗ ವಿಳಾಸ ಹ್ಯಾಶ್ ಆಗುತ್ತದೆ (ಓದಲಾಗದ ಸಂಕೇತವಾಗಿ ಬದಲಾಗುತ್ತದೆ), ಯಾರಿಗೂ ಕಾಣುವುದಿಲ್ಲ ಅನ್ನುವ ಸಮಾಧಾನ ಬೇಡ. ಹ್ಯಾಶ್ ಮಾಡುವುದು ಸಾಗಣೆಯ ಭದ್ರತೆಗೆ. ಈ ಡೇಟಾ ಬಳಸುವ ಹಕ್ಕು ನನಗಿದೆ ಅಂತ ಒಪ್ಪಿಕೊಂಡೇ ನೀವು ಅಪ್‌ಲೋಡ್ ಮಾಡುವುದು. ಆ ಹಕ್ಕು ನಿಮಗಿಲ್ಲ.

---

ಮೇಲ್_ಲಾಗ್

ಕಾನೂನು ಪಕ್ಕಕ್ಕಿಡಿ, ಕಳಿಸಿದರೂ ಅದು ತಲುಪಲ್ಲ. ಅದರ ಲೆಕ್ಕ ಹೇಳ್ತೀನಿ.

ಹೊಸ ಡೊಮೇನ್. ನಿನ್ನೆ ಮೊನ್ನೆ ರಿಜಿಸ್ಟರ್ ಆಗಿದ್ದು. ಅದರಿಂದ ಒಂದೇ ದಿನ 1,140 ಮೇಲ್ ಹೊರಟರೆ ಸ್ಪ್ಯಾಮ್ ಫಿಲ್ಟರ್‌ಗೆ ಬೇರೆ ಸಾಕ್ಷಿ ಬೇಡ. ಗೂಗಲ್ 2024ರ ಫೆಬ್ರವರಿಯಿಂದ ನಿಯಮ ಬಿಗಿ ಮಾಡಿದೆ. ಪರ್ಸನಲ್ ಜಿಮೇಲ್‌ಗಳಿಗೆ ದಿನಕ್ಕೆ 5,000 ದಾಟಿ ಕಳಿಸುವವರಿಗೆ ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್ (ಮೇಲ್ ನಿಜವಾಗಿ ನಿಮ್ಮ ಡೊಮೇನ್‌ನಿಂದಲೇ ಬಂತು ಅಂತ ತೋರಿಸುವ ಸೆಟ್ಟಿಂಗ್‌ಗಳು) ಮೂರೂ ಕಡ್ಡಾಯ. ಪ್ರಚಾರದ ಮೇಲ್ ಆದರೆ ಒಂದೇ ಕ್ಲಿಕ್ಕಿನಲ್ಲಿ ಅನ್‌ಸಬ್‌ಸ್ಕ್ರೈಬ್ ಕೂಡ ಬೇಕು. ನಾನು ಸಣ್ಣವನು, 5,000 ಎಲ್ಲಿ ಕಳಿಸ್ತೀನಿ ಅನ್ನಬೇಡಿ. ಸ್ಪ್ಯಾಮ್ ದೂರಿನ ಪ್ರಮಾಣ 0.3% ಮುಟ್ಟಬಾರದು ಅನ್ನೋದು ಸಣ್ಣವರಿಗೂ ಇದೆ. 1,140ಕ್ಕೆ 0.3% ಅಂದರೆ ಮೂರೂವರೆ. ನಾಲ್ಕು ಜನ ‘ಸ್ಪ್ಯಾಮ್’ ಬಟನ್ ಒತ್ತಿದರೆ ಗೆರೆ ದಾಟಿದಿರಿ. ಗುರುತಿಲ್ಲದ ಕಂಪನಿಯ ಹೆಸರು ನೋಡಿ ಬಟನ್ ಒತ್ತುವವರು ನಾಲ್ಕೇ ಜನ ಅಂದುಕೊಂಡರೆ ಅದು ನಿಮ್ಮ ಧೈರ್ಯ.

ಬೌನ್ಸ್ (ಮೇಲ್ ತಲುಪದೆ ವಾಪಸ್ ಬರೋದು) ಇನ್ನೊಂದು. ಶೀಟಿನಲ್ಲಿರೋದು ವ್ಯಕ್ತಿಗಳ ಕಚೇರಿ ಇ-ಮೇಲ್. ಪರ್ಚೇಸ್‌ನವರು, ಆಡ್ಮಿನ್‌ನವರು ಕೆಲಸ ಬದಲಾಯಿಸ್ತಾನೇ ಇರ್ತಾರೆ. ಎರಡು ವರ್ಷ ಹಳೆಯ ಶೀಟಿನಲ್ಲಿ ಸತ್ತ ವಿಳಾಸ ಗ್ಯಾರಂಟಿ. ರಾಶಿ ಮೇಲ್ ಕಳಿಸೋ ಸೇವೆಯಾದ ಅಮೆಜಾನ್ ಎಸ್‌ಇಎಸ್, ಬೌನ್ಸ್ 5% ಆದರೆ ಖಾತೆಯನ್ನು ಪರಿಶೀಲನೆಗೆ ಹಾಕುತ್ತೆ, 10% ಆದರೆ ಕಳಿಸೋದನ್ನೇ ನಿಲ್ಲಿಸಬಹುದು. ನಿಮ್ಮ ಲೆಕ್ಕಕ್ಕೆ ಅದು 57 ಮತ್ತು 114. ಮೇಲ್‌ಚಿಂಪ್ ಥರದ ಸೇವೆಗಳು ಮೂರನೆಯವರಿಂದ ಬಂದ ಪಟ್ಟಿಯನ್ನು ನಿಯಮದಲ್ಲೇ ಬೇಡ ಅಂದಿವೆ. ಪ್ರಥಮ ಚುಂಬನೇ ದಂತ ಭಗ್ನಂ! ಆಮೇಲೆ ಅದೇ ಡೊಮೇನ್‌ನಿಂದ ಕೊಟೇಷನ್ ಕಳಿಸಿದರೂ ಸ್ಪ್ಯಾಮ್ ಫೋಲ್ಡರ್‌ಗೇ ಬೀಳೋದು, ಅದು ನಿಜವಾದ ನಷ್ಟ.

ಇನ್ನು ಗುಟ್ಟಾಗಿ ಕಳಿಸ್ತೀನಿ ಅಂದುಕೊಳ್ಳೋರಿಗೆ. ಹುಷಾರಾದ ಮಾಲೀಕರು ಸಿಆರ್‌ಎಂನಲ್ಲಿ ಒಂದೆರಡು ಕಳ್ಳ ಸಾಲು ಸೇರಿಸಿರ್ತಾರೆ. ಇಲ್ಲದ ಕಂಪನಿ, ಇಲ್ಲದ ವ್ಯಕ್ತಿ. ಇ-ಮೇಲ್ ಮಾತ್ರ ನಿಜ, ಅದು ಹೋಗಿ ಬೀಳೋದು ಅವರದೇ ಇನ್‌ಬಾಕ್ಸ್‌ಗೆ. ಇಲ್ಲಾಂದ್ರೆ ನಿಜವಾದ ಗ್ರಾಹಕರ ಹೆಸರಲ್ಲೇ ಬೇಕಂತ ಒಂದು ಅಕ್ಷರ ತಪ್ಪು ಹಾಕಿರ್ತಾರೆ. ‘ರಾಜೇಶ’ ಅನ್ನೋದು ಶೀಟಿನಲ್ಲಿ ‘ರಾಜ್ಯೇಶ’ ಅಂತ ಇರುತ್ತೆ. ನೀವು ಮೇಲ್ ಮರ್ಜ್ (ಶೀಟಿನ ಹೆಸರುಗಳನ್ನು ಮೇಲ್‌ಗೆ ತಾನಾಗೇ ತುಂಬಿಸೋದು) ಮಾಡಿದ ತಕ್ಷಣ ‘ಪ್ರಿಯ ರಾಜ್ಯೇಶ ಅವರೇ’ ಅಂತ ಹೊರಡುತ್ತೆ. ಆ ತಪ್ಪು ಜಗತ್ತಿನಲ್ಲಿ ಇರೋದು ಒಂದೇ ಫೈಲಿನಲ್ಲಿ. ಸಿಆರ್‌ಎಂಗಳಲ್ಲಿ ಎಕ್ಸ್‌ಪೋರ್ಟ್ ಲಾಗ್ ಸಾಮಾನ್ಯವಾಗಿ ಇದ್ದೇ ಇರುತ್ತೆ: ಯಾವ ಬಳಕೆದಾರ, ಯಾವ ದಿನ, ಎಷ್ಟು ಸಾಲು. ರಾಜೀನಾಮೆ ಬಂದ ಕೂಡಲೇ ಐಟಿಯವರು ಮೊದಲು ತೆರೆದು ನೋಡೋದೇ ಅದನ್ನ.

---

ಊರೂರು_ಸುತ್ತು

ಸ್ವಲ್ಪ ಜಾಸ್ತಿನೇ ಹೆದರಿಸ್ತಾ ಇದ್ದೀರಿ. ಸೇಲ್ಸ್ ಬಿಟ್ಟವರೆಲ್ಲ ಇದನ್ನೇ ಮಾಡೋದು. ಸಣ್ಣ ಕಂಪನಿ ಯಾವುದೂ ಕೋರ್ಟಿಗೆ ಹೋಗಲ್ಲ, ವಕೀಲರ ಫೀಸೇ ಆ ವ್ಯಾಪಾರಕ್ಕಿಂತ ಜಾಸ್ತಿ ಆಗುತ್ತೆ. ಮೇಲ್ ಬೇಡ ಅಂದ್ರೆ ವಾಟ್ಸಾಪ್ ಬ್ರಾಡ್‌ಕಾಸ್ಟ್ ಮಾಡಿ, ಮುಗೀತು.

---

ಕರಾರುವಾಕ್ಕು

ಕೋರ್ಟಿಗೆ ಹೋಗುವವರು ಕಡಿಮೆ ಅನ್ನುವುದು ಸರಿ. ಆದರೆ ಪೆಟ್ಟು ಬೀಳಲು ಕೋರ್ಟೇ ಬೇಕಾಗಿಲ್ಲ. ಮೇಲ್ ತಲುಪಿದ ಗ್ರಾಹಕರಲ್ಲಿ ಯಾರೋ ಒಬ್ಬರು ‘ಇವರು ನಿಮ್ಮಲ್ಲೇ ಇದ್ದವರಲ್ವಾ?’ ಅಂತ ಹಳೆ ಕಂಪನಿಗೆ ಫಾರ್ವರ್ಡ್ ಮಾಡುತ್ತಾರೆ. ಅದೇ ದಿನ ಆಗುತ್ತದೆ. ಆಮೇಲೆ ಕಂಪನಿ ಮಾಡುವುದು ಖರ್ಚಿಲ್ಲದ ಕೆಲಸಗಳು: ನಿಮಗೊಂದು ಲೀಗಲ್ ನೋಟಿಸ್, ಕೊನೆಯ ಸಂಬಳ ಮತ್ತು ರಿಲೀವಿಂಗ್ ಲೆಟರ್‌ನಲ್ಲಿ ತಡ, ಎಲ್ಲ ಗ್ರಾಹಕರಿಗೂ ‘ಇಂಥವರು ಈಗ ನಮ್ಮ ಪ್ರತಿನಿಧಿಯಲ್ಲ, ನಿಮ್ಮ ಮಾಹಿತಿ ಅನುಮತಿಯಿಲ್ಲದೆ ಒಯ್ದಿದ್ದಾರೆ’ ಅಂತ ಒಂದು ಪತ್ರ. ಮೂರನೆಯದೇ ಕೊಲ್ಲುವುದು. ಮಷೀನು ರಿಪೇರಿಗೆ ಕಚೇರಿಯೊಳಗೆ ಬಿಟ್ಟುಕೊಳ್ಳುವ ಮನುಷ್ಯನ ಬಗ್ಗೆ ‘ಡೇಟಾ ಒಯ್ದವನು’ ಅನ್ನುವ ಮಾತು ಹುಟ್ಟಿದರೆ ಯಾವ ಆಡ್ಮಿನ್‌ನವರೂ ಒಳಗೆ ಸೇರಿಸುವುದಿಲ್ಲ. ಕಾಪಿಯರ್‌ನ ಹಾರ್ಡ್ ಡಿಸ್ಕಿನಲ್ಲಿ ಅವರ ಕಾಗದಪತ್ರಗಳ ಚಿತ್ರ ಉಳಿದಿರುತ್ತದೆ ಅನ್ನುವುದು ಅವರಿಗೂ ಗೊತ್ತು.

ಶಿಕ್ಷೆ ಆಗುವುದೇ ಇಲ್ಲ ಅಂತಲೂ ಅಲ್ಲ. 2016ರಲ್ಲಿ ಇಂಗ್ಲೆಂಡಿನಲ್ಲಿ ತ್ಯಾಜ್ಯ ವಿಲೇವಾರಿ ಕಂಪನಿಯ ನೌಕರನೊಬ್ಬ ಪ್ರತಿಸ್ಪರ್ಧಿ ಕಂಪನಿ ಸೇರುವ ಮೊದಲು 957 ಗ್ರಾಹಕರ ವಿವರವನ್ನು ತನ್ನ ಸ್ವಂತ ಇ-ಮೇಲ್‌ಗೆ ಕಳಿಸಿಕೊಂಡಿದ್ದಕ್ಕೆ ಪ್ರಾಸಿಕ್ಯೂಷನ್ ಆಗಿ 300 ಪೌಂಡ್ ದಂಡ ಕಟ್ಟಿದ. ದಂಡ ಚಿಕ್ಕದು, ಆದರೆ ಕ್ರಿಮಿನಲ್ ದಾಖಲೆ ದಾಖಲೆಯೇ.

ವಾಟ್ಸಾಪ್ ಬಗ್ಗೆ: ಬ್ರಾಡ್‌ಕಾಸ್ಟ್ ಲಿಸ್ಟಿಗೆ 256 ಜನರ ಮಿತಿ, ಅದೂ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತದೆ. ಹೊಸ ಬಿಸಿನೆಸ್ ನಂಬರ್ ಯಾರ ಫೋನಿನಲ್ಲಿ ಸೇವ್ ಆಗಿರುತ್ತದೆ? ಬಲ್ಕ್ ಟೂಲ್ ಹಾಕಿದರೆ ನಂಬರ್ ಬ್ಯಾನ್.

---

ಟೋನರ್_ಡಬ್ಬಿ

ಅರ್ಥ ಆಯ್ತು ಸರ್. ಒಂದು ಎಡವಟ್ಟು ಆಗಿಹೋಗಿದೆ. ರಾಜೀನಾಮೆ ಕೊಡುವ ಹಿಂದಿನ ದಿನ ಶೀಟನ್ನು ನನ್ನ ಜಿಮೇಲ್‌ಗೆ ಮೇಲ್ ಮಾಡಿಕೊಂಡಿದ್ದೆ. ಈಗಲೇ ಡಿಲೀಟ್ ಮಾಡಿ ಕೈ ತೊಳೆದುಕೊಳ್ಳಲಾ? ಫೋನ್ ನಂಬರ್‌ಗಳ ಕಥೆ ಏನು?

---

ಪ್ಯಾಚ್_ಪ್ಯಾನೆಲ್

ಡಿಲೀಟ್ ಮಾಡಬೇಡಿ, ಸದ್ಯಕ್ಕೆ. ತೆರೆಯಲೂ ಬೇಡಿ, ಫಾರ್ವರ್ಡ್ ಅಂತೂ ಬೇಡವೇ ಬೇಡ.

ಯಾಕಂದ್ರೆ ನೀವು ಕಳಿಸಿದ ಮೇಲ್ ಕಂಪನಿ ಸರ್ವರ್‌ನಲ್ಲಿದೆ. ತಾರೀಖು, ಅಟ್ಯಾಚ್‌ಮೆಂಟ್ ಹೆಸರು, ಸೈಜು, ನಿಮ್ಮ ಜಿಮೇಲ್ ವಿಳಾಸ, ಎಲ್ಲ ಲಾಗ್‌ನಲ್ಲಿದೆ. ನಿಮ್ಮ ಕಡೆ ಅಳಿಸಿದರೆ ಕಳಿಸಿದ್ದು ಅಳಿಯಲ್ಲ; ಅಳಿಸಿದ್ದು ಮಾತ್ರ ಎದ್ದು ಕಾಣುತ್ತೆ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ನೋಟಿಸ್ ಬಂದ ಮೇಲೆ ಅಳಿಸಿದರಂತೂ ಸಾಕ್ಷ್ಯ ನಾಶ ಅಂತ ಇನ್ನೊಂದು ತಲೆನೋವು.

ಸರಿಯಾದ ದಾರಿ ಹೀಗೆ. ಕಡೇ ದಿನಕ್ಕೆ ಕಾಯದೆ ನೀವೇ ಎಚ್‌ಆರ್‌ಗೆ ಒಂದು ಮೇಲ್ ಬರೀರಿ. ಬರೆಯುವ ಮೊದಲು ವಕೀಲರೊಬ್ಬರಿಗೆ ಅರ್ಧ ಗಂಟೆ ಕೊಟ್ಟರೆ ಒಳ್ಳೇದು. ವಿಷಯ ನಾಲ್ಕೇ ಸಾಲು:

‘ಇಂಥ ದಿನ ಇಂಥ ಹೆಸರಿನ ಫೈಲ್ ನನ್ನ ವೈಯಕ್ತಿಕ ಇ-ಮೇಲ್‌ಗೆ ಹೋಗಿದೆ. ಅದನ್ನು ನಾನು ಬಳಸಿಲ್ಲ, ಬೇರೆ ಯಾರಿಗೂ ಕೊಟ್ಟಿಲ್ಲ. ಅದನ್ನು ನಿಮ್ಮ ಸೂಚನೆಯಂತೆ ಹಿಂತಿರುಗಿಸಿ ಅಳಿಸಲು ಸಿದ್ಧನಿದ್ದೇನೆ. ಅಳಿಸಿದ ನಂತರ ಲಿಖಿತ ದೃಢೀಕರಣ ಕೊಡುತ್ತೇನೆ.’

ಇದರಲ್ಲಿ ಬರೆದದ್ದು ಪೂರಾ ನಿಜ ಆಗಿರಬೇಕು. ಸ್ನೇಹಿತರಿಗೆ ಒಂದು ಸಲ ತೋರಿಸಿದ್ದರೂ ‘ಯಾರಿಗೂ ಕೊಟ್ಟಿಲ್ಲ’ ಅಂತ ಬರೆಯಬೇಡಿ. ಅಳಿಸಿ ಅಂತ ಉತ್ತರ ಬಂದ ಮೇಲೆ ಎಲ್ಲ ಕಡೆ ಅಳಿಸಬೇಕು, ಜನ ಎಡವೋದು ಇಲ್ಲೇ. ಸೆಂಟ್ ಮತ್ತು ಇನ್‌ಬಾಕ್ಸ್ ಎರಡೂ, ಟ್ರ್ಯಾಶ್, ಡ್ರೈವ್, ಫೋನಿನ ಡೌನ್‌ಲೋಡ್ಸ್ ಫೋಲ್ಡರ್ (ಒಂದು ಸಲ ತೆರೆದಿದ್ದರೆ ಅಲ್ಲಿ ಕೂತಿರುತ್ತೆ), ಲ್ಯಾಪ್‌ಟಾಪ್‌ನ ಸಿಂಕ್ ಫೋಲ್ಡರ್, ನಿಮಗೆ ನೀವೇ ಕಳಿಸಿಕೊಂಡ ವಾಟ್ಸಾಪ್ ಮೆಸೇಜ್, ಪೆನ್‌ಡ್ರೈವ್, ಪ್ರಿಂಟ್ ಔಟ್. ಪ್ರಿಂಟ್ ಔಟ್ ಅನ್ನು ಮರೆಯೋರೇ ಜಾಸ್ತಿ.

ಫೋನ್ ನಂಬರ್‌ಗಳು: ಫೋನ್ ಯಾರದ್ದು ಅನ್ನೋದಕ್ಕಿಂತ ಆ ನಂಬರ್ ಯಾವ ಖಾತೆಯಲ್ಲಿ ಸೇವ್ ಆಗಿದೆ ಅಂತ ನೋಡಿ. ಕಾಂಟ್ಯಾಕ್ಟ್ ತೆರೆದರೆ ಯಾವ ಖಾತೆಯದ್ದು ಅಂತ ತೋರಿಸುತ್ತೆ. ಕಚೇರಿ ಇ-ಮೇಲ್ ಖಾತೆಯಲ್ಲಿ ಇರುವವು ಖಾತೆ ತೆಗೆದ ಕೂಡಲೇ ಹೋಗುತ್ತವೆ. ಹೋಗಲಿ ಬಿಡಿ, ಮೊದಲೇ ವಿಸಿಎಫ್ ಫೈಲ್ (ಕಾಂಟ್ಯಾಕ್ಟ್‌ಗಳನ್ನು ಒಟ್ಟಿಗೆ ಇಳಿಸಿಕೊಳ್ಳೋ ಫೈಲ್) ಮಾಡಿ ಎತ್ತಿಟ್ಟುಕೊಳ್ಳಬೇಡಿ. ವಿಸಿಎಫ್ ಎಕ್ಸ್‌ಪೋರ್ಟ್ ಕೂಡ ನಕಲೇ. ನಿಮ್ಮ ಸ್ವಂತ ಖಾತೆಯಲ್ಲಿ ಇರೋದರಲ್ಲಿ ಈ ಕೆಲಸಕ್ಕೆ ಸೇರುವ ಮೊದಲಿನವು, ನೆಂಟರು, ಸ್ನೇಹಿತರು ಪ್ರಶ್ನೆಯಿಲ್ಲದೆ ನಿಮ್ಮವು. ಕೆಲಸಕ್ಕಾಗಿಯೇ ಸೇವ್ ಮಾಡಿದ ನಂಬರ್‌ಗಳದ್ದು ಕರಾರು ಹೇಗೆ ಬರೆದಿದೆ ಅನ್ನೋದರ ಮೇಲೆ ನಿಂತಿದೆ. ಆದರೆ ‘ಸುನೀತಾ, ಎಎಂಸಿ ಮಾರ್ಚ್’ ಅಂತ ಸೇವ್ ಮಾಡಿಕೊಂಡಿದ್ದರೆ ಅದು ಕಾಂಟ್ಯಾಕ್ಟ್ ವೇಷ ಹಾಕಿದ ಸಿಆರ್‌ಎಂ ಸಾಲು. ಅಂಥವು ಎಷ್ಟಿವೆ ಅಂತ ವಕೀಲರಿಗೆ ಮುಚ್ಚಿಡದೆ ಹೇಳಿ.

---

ಖಾಲಿ_ಶೀಟ್

ಏನು ಮಾಡಬಾರದು ಅನ್ನುವುದು ಸಾಕಷ್ಟಾಯಿತು. ಏನು ಮಾಡಬಹುದು ಅಂತ ಬರೀತೀನಿ.

ಮೊದಲು ಕರಾರಿನ ಆ 12 ತಿಂಗಳ ಪ್ಯಾರಾದಲ್ಲಿ ಯಾವ ಕ್ರಿಯಾಪದ ಇದೆ ನೋಡಿ. ಬರೀ ‘ಸಾಲಿಸಿಟ್’ ಅಂತಿದ್ದರೆ ನೀವಾಗಿ ಹೋಗಿ ಕರೆಯಬಾರದು ಅಂತ ಅರ್ಥ. ‘ಡೀಲ್ ವಿತ್’ ಅಥವಾ ‘ಅಕ್ಸೆಪ್ಟ್ ಬಿಸಿನೆಸ್’ ಅಂತಿದ್ದರೆ ಅವರಾಗಿ ಬಂದರೂ ವ್ಯವಹಾರ ಮಾಡಬಾರದು ಅಂತ ಬರೆದಂತೆ. ಇದು ನಿಲ್ಲುತ್ತದೋ ಇಲ್ಲವೋ ಅನ್ನುವುದು ದೇಶದಿಂದ ದೇಶಕ್ಕೆ ಬೇರೆ, ನಿಮ್ಮ ವಕೀಲರಿಗೆ ಬಿಡಿ.

ಹೊಸ ಪಟ್ಟಿ ಖಾಲಿ ಶೀಟಿನಿಂದ ಶುರು ಮಾಡಿ, ಕೆಲಸ ಬಿಟ್ಟ ಮರುದಿನದಿಂದ, ಸ್ವಂತ ಲ್ಯಾಪ್‌ಟಾಪಿನಲ್ಲಿ. ಮೂಲಗಳು: ಸಂಸ್ಥೆಗಳ ಸ್ವಂತ ವೆಬ್‌ಸೈಟಿನ ಸಂಪರ್ಕ ಪುಟ, ಮ್ಯಾಪ್ ಲಿಸ್ಟಿಂಗ್, ವಾಣಿಜ್ಯ ಸಂಘಗಳ ಡೈರೆಕ್ಟರಿ, ವಸ್ತುಪ್ರದರ್ಶನದ ಕ್ಯಾಟಲಾಗ್, ಟೆಂಡರ್ ಪೋರ್ಟಲ್. ಕಾಲಂಗಳು: ಸಂಸ್ಥೆ, ಸಾರ್ವಜನಿಕ ನಂಬರ್ ಅಥವಾ ಇ-ಮೇಲ್, ಎಲ್ಲಿ ಸಿಕ್ಕಿತು, ಆ ಪುಟದ ಲಿಂಕ್, ಯಾವ ದಿನ, ಮೊದಲ ಸಂಪರ್ಕ ಯಾವಾಗ, ಏನು ಉತ್ತರ, ಬೇಡ ಅಂದರಾ. ‘ಎಲ್ಲಿ ಸಿಕ್ಕಿತು’ ಕಾಲಂ ಖಾಲಿ ಇರುವ ಒಂದೇ ಒಂದು ಸಾಲೂ ಇರಕೂಡದು. ನಾಳೆ ಯಾರಾದರೂ ಕೇಳಿದರೆ ನಿಮ್ಮನ್ನು ಉಳಿಸುವುದು ಆ ಕಾಲಂ. ದಿನಕ್ಕೆ 25 ಸಾಲು ನಿಧಾನಕ್ಕೆ ಮಾಡಿದರೂ 20 ದಿನಕ್ಕೆ 500 ಆಗುತ್ತದೆ, ಒಬ್ಬರೇ ಸರ್ವಿಸ್ ಮಾಡುವವರಿಗೆ ಅದೇ ಹೆಚ್ಚು.

ಇಲ್ಲಿ ಒಂದು ಬಲೆ ಇದೆ. ಹಳೇ ಪಟ್ಟಿಯ ಹೆಸರುಗಳನ್ನೇ ಒಂದೊಂದಾಗಿ ನೆನಪು ಮಾಡಿಕೊಂಡು ಗೂಗಲ್‌ನಲ್ಲಿ ಹುಡುಕಿ ತುಂಬಿಸುವುದು. ಪಟ್ಟಿಯನ್ನು ತೊಳೆದು ಬಿಳಿ ಮಾಡುವ ಕೆಲಸ ಅದು, ಎದುರಿನವರಿಗೆ ಸುಲಭವಾಗಿ ಗೊತ್ತಾಗುತ್ತದೆ. ನಿಮ್ಮ 500ರಲ್ಲಿ 480 ಅವರ ಗ್ರಾಹಕರೇ ಆಗಿದ್ದರೆ ಯಾವ ಲಿಂಕ್ ಕಾಲಂ ತೋರಿಸಿ ಏನು ಪ್ರಯೋಜನ? ಬಡಾವಣೆ ಮತ್ತು ವ್ಯವಹಾರದ ಬಗೆ ಹಿಡಿದು ಹುಡುಕಿ: ಒಂದು ರಸ್ತೆಯ ಎಲ್ಲ ಆಡಿಟರ್ ಕಚೇರಿ, ಎಲ್ಲ ಶಾಲೆ, ಎಲ್ಲ ಕ್ಲಿನಿಕ್. ಆಗ ಹಳೆ ಗ್ರಾಹಕರು ಕೆಲವರು ಬರುತ್ತಾರೆ, ಅಲ್ಲದವರು ಹೆಚ್ಚು ಬರುತ್ತಾರೆ. ಗೊತ್ತಿರುವ ಹಳೆ ಗ್ರಾಹಕರ ಸಾಲು ಬಂದರೆ ‘12 ತಿಂಗಳು ಮುಟ್ಟಬಾರದು’ ಅಂತ ಗುರುತು ಹಾಕಿ ಬಿಡಿ.

ಮೇಲ್ ಕಳಿಸುವಾಗ ಮೊದಲ ವಾರ ದಿನಕ್ಕೆ 20 ದಾಟಬೇಡಿ. ಒಬ್ಬೊಬ್ಬರಿಗೇ, ಅವರ ಕೆಲಸಕ್ಕೆ ಹೊಂದುವ ಎರಡು ವಾಕ್ಯ ಬರೆದು. ಕೆನಡಾದ ಕಾನೂನು ಕೂಡ, ವಿಳಾಸವನ್ನು ಅವರೇ ಎಲ್ಲರಿಗೂ ಕಾಣುವಂತೆ ಪ್ರಕಟಿಸಿ, ಪ್ರಚಾರದ ಮೇಲ್ ಬೇಡ ಅಂತ ಅಲ್ಲಿ ಬರೆಯದೆ ಇದ್ದು, ನಿಮ್ಮ ಸಂದೇಶ ಅವರ ಹುದ್ದೆಗೆ ಸಂಬಂಧಪಟ್ಟಿದ್ದರೆ ಒಪ್ಪುತ್ತದೆ. ಬೇರೆ ಕಡೆ ನಿಯಮ ಬೇರೆ ಇರಬಹುದು, ಆದರೆ ಅಳತೆಗೋಲು ಅಂತ ಇಟ್ಟುಕೊಳ್ಳಲು ಅದು ಚೆನ್ನಾಗಿದೆ.

ಲಿಂಕ್ಡ್‌ಇನ್: ಪ್ರೊಫೈಲ್‌ನಲ್ಲಿ ಕೆಲಸ ಬದಲಾಯಿಸಿ, ಎಲ್ಲರಿಗೂ ಕಾಣುವ ಒಂದು ಪೋಸ್ಟ್ ಹಾಕಿ. ‘ಇಂಥ ದಿನದಿಂದ ಕಾಪಿಯರ್ ಸರ್ವಿಸ್ ಸ್ವಂತವಾಗಿ ಮಾಡುತ್ತಿದ್ದೇನೆ’ ಅಷ್ಟೇ. ಹಳೆ ಕಂಪನಿಯ ಹೆಸರು ಬೇಡ, ಅವರ ಗ್ರಾಹಕರನ್ನು ಟ್ಯಾಗ್ ಮಾಡಬೇಡಿ, ‘ಅದೇ ಸರ್ವಿಸ್ ಕಡಿಮೆ ದರಕ್ಕೆ’ ಅಂತ ಬರೆಯಬೇಡಿ. ಅದೇ ಮಾತನ್ನು ಆರುನೂರು ಜನರ ಇನ್‌ಬಾಕ್ಸ್‌ಗೆ ಒಬ್ಬೊಬ್ಬರಿಗೇ ಹಾಕಿದರೆ ಅದು ಪ್ರಕಟಣೆ ಅಲ್ಲ, ಸೆಳೆಯುವುದು. ಕೆಲಸದ ಭಾಗವಾಗಿ ನೀವು ನೋಡಿಕೊಳ್ಳುತ್ತಿದ್ದ ಗ್ರೂಪ್ ಅಥವಾ ಪೇಜ್ ಇದ್ದರೆ ಪಾಸ್‌ವರ್ಡ್ ಸಮೇತ ಒಪ್ಪಿಸಿ ರಸೀದಿ ಥರ ಒಂದು ಮೇಲ್ ತಗೊಳ್ಳಿ. 2013ರಲ್ಲಿ ಇಂಗ್ಲೆಂಡಿನ ಹೈಕೋರ್ಟ್, ನೌಕರರು ಕಂಪನಿಗಾಗಿ ನಡೆಸುತ್ತಿದ್ದ ಲಿಂಕ್ಡ್‌ಇನ್ ಗ್ರೂಪ್‌ಗಳನ್ನು ಕಂಪನಿಗೇ ಬಿಟ್ಟುಕೊಡಿ ಅಂದಿದೆ.

ಅವರಾಗೇ ಫೋನ್ ಮಾಡಿದಾಗ: ನೋಟಿಸ್ ಪೀರಿಯಡ್ ಮುಗಿಯುವವರೆಗೆ ನೀವು ಹಳೆ ಕಂಪನಿಯ ಮನುಷ್ಯ. ‘ನಾನು ಬಿಡುತ್ತಿದ್ದೇನೆ, ನಿಮ್ಮ ಖಾತೆಯನ್ನು ಇನ್ನು ಇಂಥವರು ನೋಡಿಕೊಳ್ಳುತ್ತಾರೆ’ ಅಂದು ಫೋನ್ ಇಡಿ. ಹೊಸ ನಂಬರ್ ಕೊಡಬೇಡಿ. ಬಿಟ್ಟ ಮೇಲೆ ಫೋನ್ ಬಂದರೆ ತಾರೀಖು, ಸಮಯ, ನಂಬರ್ ಎಲ್ಲಿ ಸಿಕ್ಕಿತು ಅಂದರು, ಇಷ್ಟು ಬರೆದಿಟ್ಟುಕೊಂಡು ‘ವಿಷಯವನ್ನು ಒಂದು ಮೇಲ್‌ನಲ್ಲಿ ಹಾಕಿ’ ಅನ್ನಿ. ಯಾರು ಯಾರನ್ನು ಕರೆದರು ಅನ್ನುವುದಕ್ಕೆ ಆ ಮೇಲ್ ಪುರಾವೆ. ಅವರ ಎಎಂಸಿ ಯಾವಾಗ ಮುಗಿಯುತ್ತದೆ, ಮಷೀನು ಯಾವುದು, ಎಷ್ಟು ಕಾಪಿ ಓಡಿದೆ, ಎಲ್ಲ ಅವರ ಬಾಯಿಂದಲೇ ಕೇಳಿ, ನಿಮಗೆ ಗೊತ್ತಿದ್ದರೂ. ಮಷೀನಿನ ಮುಂದೆ ಹೋಗಿ ಮೀಟರ್ ರೀಡಿಂಗ್ ಬರೆದುಕೊಂಡು ಅದರ ಮೇಲೆ ಹೊಸದಾಗಿ ಕೊಟೇಷನ್ ಮಾಡಿ. ಚಾಲ್ತಿಯಲ್ಲಿರುವ ಎಎಂಸಿ ಮುರಿದು ಬನ್ನಿ ಅಂತ ಮಾತ್ರ ಹೇಳಲೇಬೇಡಿ. ಕರಾರು ಮುರಿಸುವುದು ಬೇರೆಯದೇ ದೋಷ.

ಇನ್ನೊಂದು ದಾರಿ ಜನ ಕೇಳುವುದೇ ಇಲ್ಲ: ಹಳೆ ಮಾಲೀಕರನ್ನು ಕೇಳುವುದು. ಕಂಪನಿಗಳಿಗೆ ಬೇಡವಾದ ಗ್ರಾಹಕರು ಇರುತ್ತಾರೆ. ಬಿಡಿಭಾಗ ನಿಂತುಹೋದ ಮಾಡೆಲ್, ತಿಂಗಳಿಗೆ ಐನೂರು ಕಾಪಿ ಓಡಿಸುವ ಸಣ್ಣ ಕಚೇರಿ, ಇಂಜಿನಿಯರ್ ಹೋಗಿ ಬರುವ ಖರ್ಚೇ ಹುಟ್ಟದ ದೂರದ ಜಾಗ. ‘ಅವನ್ನು ನಾನು ತಗೊಳ್ತೀನಿ, ಮೊದಲ ವರ್ಷದ ಬಿಲ್ಲಿನಲ್ಲಿ ಇಷ್ಟು ಪರ್ಸೆಂಟ್ ನಿಮಗೆ’ ಅನ್ನಿ. ಒಪ್ಪಿದರೆ ಪತ್ರದಲ್ಲಿ ನಾಲ್ಕು ವಿಷಯ ಇರಲಿ: ಗ್ರಾಹಕರ ಹೆಸರಿನ ಅನುಬಂಧ, ಅವರಿಗೆ ಆ 12 ತಿಂಗಳ ಷರತ್ತು ಅನ್ವಯಿಸುವುದಿಲ್ಲ ಅನ್ನುವ ಸಾಲು, ಕಮಿಷನ್ ಎಷ್ಟು ಎಲ್ಲಿಯವರೆಗೆ, ಮತ್ತು ಮೊದಲ ಮೇಲ್ ಅನ್ನು ಹಳೆ ಕಂಪನಿಯೇ ಕಳಿಸಬೇಕು ಅನ್ನುವುದು. ಕೊನೆಯದು ಮುಖ್ಯ. ಅವರ ಮೇಲ್‌ನಲ್ಲಿ ‘ಆಸಕ್ತಿ ಇದ್ದರೆ ಇಲ್ಲಿ ಒತ್ತಿ’ ಅಂತ ನಿಮ್ಮ ಫಾರ್ಮ್‌ಗೆ ಲಿಂಕ್ ಇದ್ದರೆ, ಒತ್ತಿದವರು ನಿಮಗೇ ನೇರವಾಗಿ ವಿಳಾಸ ಕೊಟ್ಟ ಹಾಗೆ. ಕರಾರುವಾಕ್ಕು ಹೇಳಿದ ಒಪ್ಪಿಗೆಯ ಪ್ರಶ್ನೆ ಅಲ್ಲಿಗೆ ಬಗೆಹರಿಯಿತು.

---

ಟೋನರ್_ಡಬ್ಬಿ

ಎಚ್‌ಆರ್‌ಗೆ ಮೇಲ್ ಡ್ರಾಫ್ಟ್ ಮಾಡಿದ್ದೀನಿ, ನಾಳೆ ವಕೀಲರಿಗೆ ತೋರಿಸಿ ಕಳಿಸ್ತೀನಿ. ಬೇಡವಾದ ಗ್ರಾಹಕರ ಐಡಿಯಾ ಹೊಳೆದೇ ಇರಲಿಲ್ಲ, ಹಳೆ ಅನಲಾಗ್ ಮಷೀನಿನವರೇ ನಲವತ್ತು ಐವತ್ತು ಜನ ಇರಬಹುದು. ಕೊನೇ ಡೌಟು: ಹಳೆ ಗ್ರಾಹಕ ಸಂಸ್ಥೆಯೊಂದು ಓಪನ್ ಟೆಂಡರ್ ಕರೆದರೆ ಹಾಕಬಹುದಾ?

---

ಕರಾರುವಾಕ್ಕು

ಟೆಂಡರ್ ಕರೆದವರು ಅವರು, ಕರೆದದ್ದು ಎಲ್ಲರನ್ನೂ. ಹಾಗಾಗಿ ಬರೀ ‘ಸಾಲಿಸಿಟ್’ ಷರತ್ತಿದ್ದರೆ ಸಾಮಾನ್ಯವಾಗಿ ತೊಂದರೆ ಇಲ್ಲ. ‘ಡೀಲ್ ವಿತ್’ ಇದ್ದರೆ ಹಾಕುವ ಮೊದಲು ವಕೀಲರನ್ನು ಕೇಳಿ. ಅಪಾಯ ಇರುವುದು ದರದಲ್ಲಿ. ಹಳೆ ಕಂಪನಿ ಅಲ್ಲಿ ಎಷ್ಟಕ್ಕೆ ಕೊಡುತ್ತಿದೆ ಅಂತ ನಿಮಗೆ ಗೊತ್ತು, ನೀವು ಅದಕ್ಕಿಂತ ಒಂದು ಪೈಸೆ ಕಡಿಮೆ ಹಾಕಿದರೆ ಅದು ಕಾಕತಾಳೀಯ ಅಂತ ಯಾರೂ ನಂಬುವುದಿಲ್ಲ. ಬಿಡಿಭಾಗ, ಟೋನರ್, ಓಡಾಟ, ನಿಮ್ಮ ಗಂಟೆಗಳು, ಲಾಭಾಂಶ, ಹೀಗೆ ಕೆಳಗಿನಿಂದ ಕೂಡಿ ಬಂದ ಲೆಕ್ಕದ ಹಾಳೆಯನ್ನು ತಾರೀಖು ಸಮೇತ ಟೆಂಡರ್ ಫೈಲಿನಲ್ಲೇ ಇಟ್ಟಿರಿ.